ಎರಡು ಅಂತ ಬರ್ಕೊಳ್ಳಿ ಮೇಡಂ

ಜನವರಿ 6, 2025, ಸೋಮವಾರ

ತರಬೇತಿ ಇವತ್ತು ಶುರುವಾಯಿತು. ಇಪ್ಪತ್ತು ವರ್ಷ ಮಂಗಳೂರಿನ ಐಸಿಯುವಿನಲ್ಲಿ ಸತ್ತವರನ್ನೂ ಬದುಕಿದವರನ್ನೂ ಕಂಡ ಮೇಲೆ, ನಲವತ್ತನಾಲ್ಕನೇ ವಯಸ್ಸಿನಲ್ಲಿ ಮೂಡುಬಿದಿರೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು "ರೋಗಿಯ ಕಣ್ಣಿನ ಮಟ್ಟಕ್ಕೆ ಬಾಗುವುದು ಹೇಗೆ" ಎಂದು ಕಲಿಯುವ ಭಾಗ್ಯ ನನ್ನದು. ಉಪಶಾಮಕ ಆರೈಕೆ ಅಂತ ಇದಕ್ಕೆ ಹೆಸರು. ಗುಣವಾಗದ ಕಾಯಿಲೆಯವರ ನೋವು ಸಂಕಟ ಕಡಿಮೆ ಮಾಡುವ ಕೆಲಸ. ಡಾಕ್ಟರು ಹೋಗದ ಮನೆಗಳಿಗೆ ಹೋಗಿ, ನೋಡಿ, ನಿರ್ಧಾರ ತೆಗೆದುಕೊಳ್ಳಬಲ್ಲ ನರ್ಸುಗಳನ್ನು ತಯಾರು ಮಾಡುತ್ತಾರಂತೆ. ಪಾಸಾದರೆ ಬೆಳ್ತಂಗಡಿ ಕಡೆಯ ಮನೆಭೇಟಿಯೆಲ್ಲ ನನ್ನ ಜವಾಬ್ದಾರಿ, ಹಗಲು ಕೆಲಸ. ಫೇಲಾದರೆ ಮತ್ತೆ ಅದೇ ಐಸಿಯು, ಅದೇ ರಾತ್ರಿ ಪಾಳಿ, ಅದೇ ಊದಿದ ಮೊಣಕಾಲು.

ಕಲಿಸುವವರು ಅನ್ನಪೂರ್ಣೇಶ್ವರಿ ಮೇಡಂ. ಆಕಾಶವಾಣಿಯಲ್ಲಿ ವಾರ್ತೆ ಓದುವ ಹಾಗೆ ಮಾತಾಡುತ್ತಾರೆ. ಮಧ್ಯಾಹ್ನ ನಾಟಕ ಬೇರೆ ಮಾಡಿಸಿದರು. ಬಂಟ್ವಾಳದ ಸೈನಬ ನನ್ನ ಜತೆಯವಳು, ಅವಳು ರೋಗಿ, ನಾನು ನರ್ಸು. "ನಿಮ್ಮ ನೋವನ್ನು ಸೊನ್ನೆಯಿಂದ ಹತ್ತರ ಒಳಗೆ ಎಷ್ಟು ಎಂದು ಹೇಳುವಿರಾ?" ಎಂದು ನಾನು ಕೇಳಿದ್ದೇ ತಡ, ಸೈನಬ ಮುಸುಕಿನೊಳಗೆ ನಗಲು ಶುರು ಮಾಡಿದಳು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವಯಸ್ಸಿನವರಿಗೆ ಇದೆಂಥ ಮಕ್ಕಳಾಟ.

ಎಲ್ಲ ಭೇಟಿಗಳನ್ನೂ ರೋಗಿಯ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಕು, ಕನ್ನಡದಲ್ಲೇ ಆಗಬೇಕು. ಪರೀಕ್ಷಕರು ಬೆಂಗಳೂರಿನಿಂದ ಬರುವವರು, ಅವರಿಗೆ ತುಳು ಬರುವುದಿಲ್ಲ. ಈ ಒಂದು ನಿಯಮ ಮಾತ್ರ ನನಗೆ ಸರಿ ಕಂಡಿತು.

ಜನವರಿ 9, ಗುರುವಾರ

ಮೊದಲ ಮನೆಭೇಟಿ. ವೇಣೂರಿನಿಂದ ಆಚೆ ಜೀಪು ಏರು ಹತ್ತಿ ನಿಂತ ಕೂಡಲೇ ವಾಸನೆ ಬಂತು. ಮನೆ ಇನ್ನೂ ದೂರವಿತ್ತು.

ರೋಗಿ ಮುಂಡಪ್ಪ, ಅರವತ್ತಾರು ವರ್ಷ. ಮೂಡುಬಿದಿರೆ–ಬೆಳ್ತಂಗಡಿ ಬಸ್ಸಿನಲ್ಲಿ ಜೀವಮಾನವಿಡೀ ಕಂಡಕ್ಟರ್. ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದ ಕೆನ್ನೆಯಲ್ಲೇ ಕ್ಯಾನ್ಸರ್. ಈಗ ಅಲ್ಲಿ ಕೆನ್ನೆಯೇ ಇಲ್ಲ, ತೂತು. ಒಳಗೆ ಹಲ್ಲು ಕಾಣುತ್ತದೆ. ಬಟ್ಟೆಯಿಂದ ಒತ್ತಿ ಹಿಡಿದರೆ ಮಾತಾಡಲು ಆಗುತ್ತದೆ. ಐಸಿಯುವಿನಲ್ಲಿ ನಾನು ನೋಡದ ಗಾಯವಿಲ್ಲ, ಆದರೆ ಅಲ್ಲಿ ಎಸಿ ಇತ್ತು, ಫಿನಾಯಿಲ್ ಇತ್ತು. ಇಲ್ಲಿ ಒಂದು ಕೋಣೆ, ಒಂದು ಕಿಟಕಿ, ನೊಣ. ಎರಡು ಮಾಸ್ಕ್ ಹಾಕಿದರೂ ವಾಕರಿಕೆ ಬಂತು. ಮಗಳು ಕಾಂತಿ ಜಗಲಿಯಲ್ಲಿ ಬೀಡಿ ಕಟ್ಟುತ್ತಾಳೆ, ಅಪ್ಪನನ್ನು ನೋಡಿಕೊಳ್ಳುವವಳೂ ಅವಳೇ. ನೀರು ಬೆಲ್ಲ ತಂದಿಟ್ಟಳು. ಈಗಷ್ಟೇ ಕುಡಿದೆ ಅಂದೆ. ಆ ಮನೆಯ ಲೋಟ ಬಾಯಿಗೆ ಇಡುವುದುಂಟೇ.

ಮನುಷ್ಯ ಮಾತ್ರ ಮರ್ಯಾದಸ್ಥ. ಕೈಮುಗಿದು, "ಬನ್ನಿ ಮೇಡಂ, ಕೂತುಕೊಳ್ಳಿ. ತಮಗೆ ತೊಂದರೆ ಕೊಟ್ಟೆ," ಅಂದರು. ಕೇಳಿಯೇ ಮೊಬೈಲನ್ನು ದಿಂಬಿನ ಪಕ್ಕ ಇಟ್ಟೆ. ಪುಸ್ತಕದಲ್ಲಿದ್ದ ಹಾಗೆ ಒಂದೊಂದೇ ಪ್ರಶ್ನೆ. ನೋವು ಎಷ್ಟು?

"ಎರಡು ಅಂತ ಬರ್ಕೊಳ್ಳಿ ಮೇಡಂ. ಪರವಾಗಿಲ್ಲ."

ಡಾಕ್ಟರಿಗೆ ಫೋನು ಮಾಡಿ ಎರಡು ಅಂತ ಹೇಳಿದೆ. ಹಾಗಾದರೆ ಮಾರ್ಫಿನ್ ಮಾತ್ರೆ ಈಗಿರುವಷ್ಟೇ ಇರಲಿ ಅಂದರು. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ. ಸೀರೆಯನ್ನು ಹೊರಗಿನ ಕಲ್ಲಿನ ಮೇಲೆಯೇ ಬಿಟ್ಟಿದ್ದೇನೆ.

ಜನವರಿ 20, ಸೋಮವಾರ

ಮತ್ತೆ ವೇಣೂರು. ಈ ಸಲ ಕಾಂತಿ ಗೇಟಿನ ಹತ್ತಿರವೇ ಕಾದಿದ್ದಳು.

"ರಾತ್ರಿ ಬೊಬ್ಬೆ ಹಾಕ್ತಾರೆ ಮೇಡಂ. ನೆರೆಕರೆಯವರು ಕಿಟಕಿ ಹಾಕಿಕೊಳ್ತಾರೆ."

ಏನು ಹೇಳಿ ಬೊಬ್ಬೆ ಹಾಕುತ್ತಾರೆ ಎಂದು ಕೇಳಿದರೆ ತಲೆ ತಗ್ಗಿಸಿದಳು. "ಅದು ನಿಮ್ಮ ಹತ್ತಿರ ಹೇಳ್ಲಿಕ್ಕೆ ಆಗುದಿಲ್ಲ."

ಅರ್ಥವಾಯಿತು. ಕಂಡಕ್ಟರನ ಬಾಯಿ. ಬಸ್ಸಿನಲ್ಲಿ ಹುಡುಗಿಯರ ಎದುರೇ ಡ್ರೈವರನ ಏಳು ತಲೆಮಾರಿಗೆ ಬೈಯುತ್ತಿದ್ದವರನ್ನು ಕಾಲೇಜಿಗೆ ಹೋಗುವಾಗ ನಾನೂ ಕೇಳಿದ್ದೇನೆ. ನಮ್ಮ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ದೇವರಿಗೂ ಕನ್ನಡ. ತುಳು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಅದು ಅಂಗಡಿಗೆ, ತೋಟದ ಆಳುಗಳಿಗೆ, ರಿಕ್ಷಾದವರ ಹತ್ತಿರ ಚೌಕಾಸಿಗೆ. ಕೆಲಸದ ಮಾತಿಗೆ ತುಳು ತಂದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ.

ಒಳಗೆ ಹೋಗಿ ಕೇಳಿದೆ. ನಮಸ್ಕಾರ, ಬನ್ನಿ ಮೇಡಂ, ಎರಡು. ನಾನೂ ಎರಡು ಅಂತಲೇ ಬರೆದೆ. ವಾಸನೆಗೆ ಗಾಯದ ಮೇಲೆ ಉದುರಿಸುವ ಪುಡಿ ಕೊಟ್ಟು ಬಂದೆ. ಜೀಪಿನಲ್ಲಿ ಕೂತು ಕೈಗೆ ಸ್ಯಾನಿಟೈಸರ್ ಸುರಿದುಕೊಂಡದ್ದು ನೋಡಿ ಸೈನಬ, "ಚರ್ಮ ಎದ್ದು ಬರ್ತದೆ ಶುಭಶ್ರೀ," ಅಂದಳು.

ಜನವರಿ 29, ಬುಧವಾರ

ಇಂದು ತರಗತಿಯಲ್ಲಿ ಮುಂಡಪ್ಪನ ಭೇಟಿಯ ನನ್ನ ರೆಕಾರ್ಡಿಂಗ್ ಹಾಕಿದರು. ಅನ್ನಪೂರ್ಣೇಶ್ವರಿ ಮೇಡಂ ಮಧ್ಯೆ ಮಧ್ಯೆ ನಿಲ್ಲಿಸಿ, "ಗಮನಿಸಿ, ರೋಗಿಗೆ ಎಷ್ಟು ಸಮಯ ಕೊಟ್ಟಿದ್ದಾರೆ," "ಧ್ವನಿ ಎಷ್ಟು ಮೃದು," ಎಂದು ತೋರಿಸಿದರು. ಎಲ್ಲರಿಗೂ ಇದೇ ಮಾದರಿಯಂತೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಸೈನಬ ಮಾತ್ರ ಊಟದ ಹೊತ್ತಿಗೆ ಕೇಳಿದಳು. "ಆ ಮನುಷ್ಯ ಯಾಕೆ ಹಾಗೆ ಮಾತಾಡ್ತಾರೆ? ಪಂಚಾಯತಿಗೆ ಅರ್ಜಿ ಕೊಡ್ಲಿಕ್ಕೆ ಬಂದವರ ಹಾಗೆ."

ಹೊಟ್ಟೆಕಿಚ್ಚು. ಡಬ್ಬಿ ತೊಳೆಯಲು ಎದ್ದೆ.

ಫೆಬ್ರವರಿ 5, ಬುಧವಾರ

ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ.

ಇವತ್ತು ಮುಂಡಪ್ಪನ ಬ್ಯಾಂಡೇಜು ಒಣಗಿ ಗಾಯಕ್ಕೆ ಕಚ್ಚಿಕೊಂಡಿತ್ತು. ನೀರು ಹಾಕಿ ನೆನೆಯಲು ಬಿಡಬೇಕು. ನನಗೆ ತರಗತಿಗೆ ಹೊತ್ತಾಗಿತ್ತು, ಆ ಕೋಣೆಯಿಂದ ಒಮ್ಮೆ ಹೊರಗೆ ಬಂದರೆ ಸಾಕಿತ್ತು. ಎಳೆದೆ. ಆ ಮನುಷ್ಯ ತುಳುವಿನಲ್ಲಿ ನನ್ನ ಅಮ್ಮನನ್ನು ಎತ್ತಿ ಒಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ.

ಪಿತ್ತ ನೆತ್ತಿಗೇರಿತು. ನಾನೂ ತುಳುವಿನಲ್ಲೇ ಶುರು ಮಾಡಿದೆ. ಯಾರೆಂದು ತಿಳಿದೆ ನನ್ನನ್ನು? ನಿನ್ನ ಬಸ್ಸಿನ ಪ್ಯಾಸೆಂಜರ್ ಅಂತ ತಿಳಿದೆಯಾ? ಮೂಗು ಕಟ್ಟಿಕೊಂಡು ಬಂದು ನಿನ್ನ ಕೀವು ತೊಳೆದರೆ ನನ್ನ ತಾಯಿಗೆ ಬೈಯುತ್ತೀಯಾ? ಇನ್ನೂ ಏನೇನೋ ಅಂದೆ. ಕಾಂತಿ ಬೀಡಿಯ ಮೊರ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು.

ಅವನು ಅಳಲು ಶುರು ಮಾಡಿದ. ಕಣ್ಣೀರು ಇಳಿದು ಗಾಯಕ್ಕೆ ಹೋಗಿ ಮತ್ತೆ ಉರಿಯುತ್ತಿತ್ತೋ ಏನೋ, ಬಟ್ಟೆ ಒತ್ತಿ ಹಿಡಿದು ಹೇಳಿದ: "ಎಂಕ್ ಬೇನೆ ತಡೆಯೆರೆ ಆಪುಜಿ." ನೋವು ತಡೆಯಲು ಆಗುವುದಿಲ್ಲ. ಕೆಂಡ ಇಟ್ಟ ಹಾಗೆ, ಕಿವಿಯವರೆಗೆ, ದೀಪಾವಳಿಯಿಂದ ಸರಿಯಾಗಿ ಮಲಗಿಲ್ಲ, ಹಗ್ಗ ಹುಡುಕಿದ್ದೂ ಆಯಿತು, ಏಳಲು ತ್ರಾಣವಿರಲಿಲ್ಲ. ಎಲ್ಲವನ್ನೂ ತುಳುವಿನಲ್ಲಿ, ನನ್ನನ್ನು ಏಕವಚನದಲ್ಲಿ ಕರೆದು ಹೇಳಿದ.

ಮತ್ತೆ ನನ್ನ ಹತ್ತಿರ ಎರಡು ಅಂತ ಯಾಕೆ ಹೇಳಿದ್ದು, ಕೇಳಿದೆ.

"ನೀನು ಕನ್ನಡದಲ್ಲಿ ಕೇಳಿದೆ," ಅಂದ. "ಮೊಬೈಲು ಬೇರೆ ಇಟ್ಟೆ. ಆರ್‌ಟಿಓದವ ಬಂದು ಬ್ರೇಕ್ ಹೇಗುಂಟು ಅಂತ ಕೇಳಿದರೆ ಬಸ್ಸಿನವ ಏನು ಹೇಳ್ತಾನೆ? ಸರಿ ಉಂಟು ಸರ್, ಅಷ್ಟೇ."

ಈಗ ಎಷ್ಟು ಉಂಟು? ಹತ್ತು ಸಾಲುವುದಿಲ್ಲ ಅಂದ.

ಅಂಗಳಕ್ಕೆ ಬಂದು ಡಾಕ್ಟರಿಗೆ ಫೋನು ಮಾಡಿದೆ. ಎರಡಿದ್ದದ್ದು ಒಮ್ಮೆಲೇ ಹತ್ತು ಹೇಗಾಯಿತು ಎಂದು ಕೇಳಿದರು. ಒಮ್ಮೆಲೇ ಆದದ್ದಲ್ಲ, ನಾನು ಕೇಳಿದ್ದು ಸರಿಯಿರಲಿಲ್ಲ ಅಂದೆ. ಮಾರ್ಫಿನ್ ಏರಿಸಿದರು. ನಡುವೆ ನೋವು ಬಂದರೆ ಕೊಡಲು ಬೇರೆ ಮಾತ್ರೆಯನ್ನೂ ಹೇಳಿದರು.

ಇಷ್ಟು ದಿನ ಅವನು ಇರುಳಿಡೀ ಬೊಬ್ಬೆ ಹಾಕಿದ, ನಾನು ಅವನ ಬಾಯಿ ಸರಿಯಿಲ್ಲ ಅಂದುಕೊಂಡೆ. ಥೂ ನನ್ನ ಜನ್ಮಕ್ಕೆ.

ಫೆಬ್ರವರಿ 7, ಶುಕ್ರವಾರ

ಕಾಂತಿ ಫೋನು ಮಾಡಿದ್ದಳು. ಅಪ್ಪ ನಿದ್ದೆ ಮಾಡಿದರು, ಬೆಳಗ್ಗೆ ಗಂಜಿ ತಿಳಿ ಕುಡಿದು ಉಪ್ಪು ಕಡಿಮೆ ಎಂದು ಬೈದರು. ತುಳುವಿನಲ್ಲೇ ಮಾತಾಡಿದಳು. ಶುಭಕ್ಕ ಅಂದಳು.

ಫೆಬ್ರವರಿ 14, ಶುಕ್ರವಾರ

ಮೂಡುಬಿದಿರೆಗೆ ಯಾರೋ ದೊಡ್ಡವರು ಬಂದಿದ್ದರು. ತರಬೇತಿ ಹೇಗೆ ನಡೆಯುತ್ತದೆ ಎಂದು ತೋರಿಸಲು ಮತ್ತೆ ನನ್ನ ರೆಕಾರ್ಡಿಂಗ್. "ಎರಡು ಅಂತ ಬರ್ಕೊಳ್ಳಿ ಮೇಡಂ." ಬಂದವರು ಗೇರುಬೀಜ ತಿನ್ನುತ್ತಾ ತಲೆಯಾಡಿಸಿದರು. ಹೆಂಗಸೊಬ್ಬರು ಕಣ್ಣೊರೆಸಿಕೊಂಡು, ಎಂಥ ಸಮಾಧಾನದ ಮನುಷ್ಯ ಅಂದರು. ನನ್ನ ಸ್ವರ ಕೇಳಿ ನನಗೇ ಹೇಸಿಗೆಯಾಯಿತು. ಮದುವೆ ಮನೆಯಲ್ಲಿ ಬಡಿಸುವವರು "ಇನ್ನೇನಾದರೂ ಬೇಕೇ" ಎಂದು ಕೇಳುವ ಸ್ವರ. ಕೇಳುವಾಗಲೇ ಕಾಲು ಮುಂದಿನ ಎಲೆಯ ಕಡೆ ಇರುತ್ತದೆ.

ಎಲ್ಲ ಹೋದ ಮೇಲೆ ಅನ್ನಪೂರ್ಣೇಶ್ವರಿ ಮೇಡಂ ಹತ್ತಿರ ಹೇಳಿದೆ. ಅದು ಮಾದರಿ ಅಲ್ಲ, ಆ ಹೊತ್ತಿಗೆ ಆ ಮನುಷ್ಯ ಸಾಯಲು ಹಗ್ಗ ಹುಡುಕುತ್ತಿದ್ದ.

"ರೋಗಿ ಎಷ್ಟು ನೋವು ಅಂತ ಹೇಳ್ತಾರೋ ಅದೇ ನೋವು. ನಮ್ಮ ಮೊದಲನೇ ಪಾಠವೇ ಅದಲ್ಲವಾ?" ಅಂದರು.

"ಯಾವ ಭಾಷೆಯಲ್ಲಿ ಹೇಳ್ತಾರೋ ಅದೂ ನೋಡ್ಬೇಕಲ್ಲ ಮೇಡಂ. ಇಲ್ಲಿಯವರು ಕನ್ನಡದಲ್ಲಿ ಕೇಳಿದರೆ ಸಭೆಗೆ ಉತ್ತರ ಕೊಡ್ತಾರೆ."

"ಪರೀಕ್ಷಕರಿಗೆ ತುಳು ಬರುವುದಿಲ್ಲ. ನಾನೇನು ಮಾಡುವುದು, ಹೇಳಿ. ಮಾರ್ಚ್ ಆರಕ್ಕೆ ಮುಂಡಪ್ಪನ ಮನೆಯಲ್ಲೇ ನಿಮ್ಮ ಪರೀಕ್ಷೆ ಇಟ್ಟಿದ್ದೇನೆ. ಅವರು ಒಳ್ಳೆ ಕನ್ನಡ ಮಾತಾಡ್ತಾರೆ, ನಿಮಗೆ ಸುಲಭ ಆಗ್ತದೆ."

ಆ ಸೀರೆಯ ಇಸ್ತ್ರಿ, ಆ ಸ್ವರ, ಆ ನಗು. ನೋಡಲಾಗಲಿಲ್ಲ. ಬಸ್ಸಿನಲ್ಲಿ ಬರುವಾಗ ಸೈನಬಳಿಗೆ ಅವತ್ತಿನ ಪಂಚಾಯತಿ ಮಾತು ಸರಿ ಎಂದು ಹೇಳಿದೆ. ಅವಳು ಕಡಲೆಯ ಪೊಟ್ಟಣ ನನ್ನ ಕಡೆ ಚಾಚಿದಳು.

ಫೆಬ್ರವರಿ 24, ಸೋಮವಾರ

ನಾರಾವಿಯಲ್ಲಿ ಒಂದು ಭೇಟಿ ಮುಗಿಸಿ ವೇಣೂರಿಗೆ ಹೋಗುವಾಗ ಮಧ್ಯಾಹ್ನ. ಜೀಪಿನ ಡೀಸೆಲ್ ವಾಸನೆಗೆ ತಲೆ ಸುತ್ತಿತ್ತು. ಕಾಂತಿ ಗಂಜಿ, ಹುರುಳಿ ಚಟ್ನಿ ಹಾಕಿದಳು. ಮುಂಡಪ್ಪನ ಮಂಚದ ಹತ್ತಿರವೇ ಕೂತು ಉಂಡೆ. ಚಟ್ನಿಗೆ ಹುಳಿ ಸ್ವಲ್ಪ ಹೆಚ್ಚಾಗಿತ್ತು.

ಗಾಯ ಇನ್ನೂ ದೊಡ್ಡದಾಗಿದೆ, ಕಿವಿಯ ಬುಡಕ್ಕೆ ಬಂದಿದೆ. ಬ್ಯಾಂಡೇಜು ನೆನೆಯುವವರೆಗೆ ಅವನ ಕಥೆ ಕೇಳುತ್ತಾ ಕೂರುತ್ತೇನೆ. ಅಳದಂಗಡಿಯ ಹತ್ತಿರ ಬಸ್ಸಿನಲ್ಲೇ ಹೆರಿಗೆಯಾದದ್ದು, ಒಬ್ಬಳಿಗೆ ಸೀಟು ಹಿಡಿದಿಟ್ಟು ಹಿಡಿದಿಟ್ಟು ಅವಳನ್ನೇ ಮದುವೆಯಾದದ್ದು. ನೋವು ಎಷ್ಟು ಎಂದು ತುಳುವಿನಲ್ಲಿ ಕೇಳಿದರೆ ಸಂಖ್ಯೆ ಹೇಳುವುದಿಲ್ಲ, ಬೈಗುಳ ಹೇಳುತ್ತಾನೆ. ನನಗೆ ಬೈದರೆ ಕಡಿಮೆ, ದೇವರಿಗೆ ಬೈದರೆ ಜಾಸ್ತಿ. ಇವತ್ತು ನನಗೆ ಮಾತ್ರ ಬೈದ.

ಪರೀಕ್ಷೆಯ ವಿಷಯ ಕಾಂತಿ ಅವನಿಗೆ ಹೇಳಿದ್ದಳು. "ಚೆಕ್ಕಿಂಗ್ ಯಾವತ್ತು?" ಎಂದು ಕೇಳಿದ. ಆರಕ್ಕೆ ಅಂದೆ. "ಚೆಕ್ಕಿಂಗಿನವರನ್ನು ನನಗೆ ಬಿಡು," ಅಂದ.

ಅದು ತಮಾಷೆ ಅಂದುಕೊಂಡೆ.

ಮಾರ್ಚ್ 6, ಗುರುವಾರ

ಪರೀಕ್ಷಕರು ಜೀಪಿನಿಂದ ಇಳಿದವರೇ ಕರ್ಚೀಫು ತೆಗೆದು ಮೂಗಿಗೆ ಹಿಡಿದರು. ಒಳಗೆ ಬಂದ ಮೇಲೂ ತೆಗೆಯಲಿಲ್ಲ. ಇಂಥವರನ್ನು ಈ ಕೆಲಸಕ್ಕೆ ಯಾರು ಬಿಡುತ್ತಾರೆ? ಒಬ್ಬ ಮನುಷ್ಯನ ಎದುರು ಮೂಗು ಮುಚ್ಚಿಕೊಂಡು ಕೂತವನು ನನ್ನ ನಡತೆಗೆ ಅಂಕ ಕೊಡುವವನು. ಕಾಂತಿ ನೀರು ಬೆಲ್ಲ ಇಟ್ಟರೆ ಅತ್ತ ನೋಡಲೂ ಇಲ್ಲ. ಮೈ ಉರಿಯಿತು.

ಮುಂಡಪ್ಪ ಬಿಳಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಎರಡು ದಿಂಬಿಗೆ ಒರಗಿ ಕೂತಿದ್ದ. ಅನ್ನಪೂರ್ಣೇಶ್ವರಿ ಮೇಡಂ ತಲೆಯಾಡಿಸಿದರು, ನಾನು ಕನ್ನಡದಲ್ಲಿ ಶುರು ಮಾಡಿದೆ. ನಿಮ್ಮ ನೋವು ಎಷ್ಟಿದೆ?

"ಎರಡು ಅಂತ ಬರ್ಕೊಳ್ಳಿ ಮೇಡಂ. ತಾವು ತುಂಬ ಚೆನ್ನಾಗಿ ನೋಡಿಕೊಳ್ತೀರಿ. ನಮ್ಮ ಮನೆಯವರ ಹಾಗೆ."

ಪರೀಕ್ಷಕರು ಬರೆದುಕೊಂಡರು. ನನ್ನ ಕಣ್ಣು ಅವನ ಹಣೆಯ ಮೇಲಿತ್ತು. ಬೆವರು ಹನಿಹನಿ. ಕೈ ಹೊದಿಕೆಯನ್ನು ಹಿಂಡಿ ಹಿಡಿದಿತ್ತು. ಬಾಗಿಲಲ್ಲಿ ಕಾಂತಿ ಕಣ್ಣಲ್ಲೇ ಏನೋ ಹೇಳುತ್ತಿದ್ದಳು. ಏನು ಎಂದು ಕೇಳಿದೆ. ತುಳುವಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಬೆಳಗ್ಗಿನ ಮಾರ್ಫಿನ್ ತೆಗೆದುಕೊಂಡಿಲ್ಲ. ಮಾತ್ರೆ ನುಂಗಿದರೆ ಮಂಪರು ಬರುತ್ತದೆ, ದೊಡ್ಡವರ ಎದುರು ಕನ್ನಡ ತೊದಲುತ್ತದೆ, ಶುಭಕ್ಕನ ಪಾಸು ಹೋಗುತ್ತದೆ ಅಂದರಂತೆ.

ನನ್ನ ಪಾಸಿಗಾಗಿ ಆ ಮನುಷ್ಯ ಬೆಳಗ್ಗಿನಿಂದ ಕೆಂಡ ಕಚ್ಚಿ ಕೂತಿದ್ದ. ಸುಮ್ಮನಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಇನ್ನು ನಾಲ್ಕು ಪ್ರಶ್ನೆ, ಒಂದು ನಮಸ್ಕಾರ, ಮತ್ತೆ ಆ ಐಸಿಯುವಿನ ಮುಖ ನೋಡಬೇಕಾಗಿರಲಿಲ್ಲ. ಮುಂದಿನ ಪ್ರಶ್ನೆ ನನ್ನ ಬಾಯಿಯವರೆಗೆ ಬಂದಿತ್ತು.

"ಮುಂಡಪ್ಪಣ್ಣ, ಏತ್ ಬೇನೆ ಉಂಡು? ಸರಿಯಾಗಿ ಪನ್ಲೆ," ಅಂದೆ. ನೋವು ಎಷ್ಟುಂಟು, ಸರಿಯಾಗಿ ಹೇಳಿ.

ಅವನು ನನ್ನನ್ನು ಸುಡುವ ಹಾಗೆ ನೋಡಿದ. "ಎರಡು, ಮೇಡಂ."

ಮಾತ್ರೆ ಬಿಡಲು ನಿನಗೆ ಹೇಳಿದ್ದು ಯಾರು, ನಿನ್ನ ಹತ್ತಿರ ಪಾಸು ಕೇಳಿದ್ದು ಯಾರು ಎಂದು ಅವನಿಗೆ ಬೈದೆ. ಸ್ವರ ಏರಿತ್ತು. ಅವನು ಬಟ್ಟೆ ಒತ್ತಿ ಹಿಡಿದು, ಹಲ್ಲಿನ ಸಂದಿಯಿಂದ ತುಳುವಿನಲ್ಲಿ ಹೇಳಿದ: ಬಾಯಿ ಮುಚ್ಚು, ಪಾಸಾಗು.

"ಏನು ಹೇಳ್ತಿದಾರೆ ಅವರು?" ಎಂದು ಪರೀಕ್ಷಕರು ಕೇಳಿದರು.

"ನೋವು ಹತ್ತು ಅಂತ ಹೇಳ್ತಾ ಇದ್ದಾರೆ ಸರ್."

ಎದ್ದು ಹೋಗಿ ಡಾಕ್ಟರಿಗೆ ಫೋನು ಮಾಡಿ, ಮಾತ್ರೆ ಪುಡಿ ಮಾಡಿ, ನೀರಿನಲ್ಲಿ ಕದಡಿ ಕುಡಿಸಿದೆ. ಪರೀಕ್ಷೆ ಅಲ್ಲಿಗೆ ನಿಂತಿತು. ರೋಗಿಯ ಬಾಯಿಗೆ ಮಾತು ತುರುಕಿದ್ದು, ರೋಗಿಯ ಜತೆ ಜಗಳ, ಭಾಷೆಯ ನಿಯಮ ಮುರಿದದ್ದು ನನ್ನ ತಪ್ಪುಗಳೆಂದು ಬರೆದುಕೊಂಡರು. ಅವರ ಲೆಕ್ಕದಲ್ಲಿ ಎಲ್ಲವೂ ಸರಿ. ಅನ್ನಪೂರ್ಣೇಶ್ವರಿ ಮೇಡಂ ಅಂಗಳದಲ್ಲಿ, "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕಿಕೊಂಡಿರಿ," ಅಂದರು. ಅವರ ಸ್ವರ ಮೊದಲ ಸಲ ವಾರ್ತೆಯ ಹಾಗೆ ಇರಲಿಲ್ಲ.

ಜೀಪು ಅವರನ್ನು ಕರೆದುಕೊಂಡು ಹೋಯಿತು. ನಾನು ಉಳಿದೆ. ನೋವು ಇಳಿಯುತ್ತಾ ಬಂದ ಹಾಗೆ ಮುಂಡಪ್ಪ ನನಗೆ ಬೈಯಲು ಶುರು ಮಾಡಿದ. ಬೆಳಗ್ಗಿನಿಂದ ತಾನು ತಿಂದ ನೋವನ್ನೆಲ್ಲ ದಂಡ ಮಾಡಿದೆನಂತೆ, ನನ್ನಂಥ ದಡ್ಡಿಯನ್ನು ತನ್ನ ಬಸ್ಸಿಗೂ ಹತ್ತಿಸುತ್ತಿರಲಿಲ್ಲವಂತೆ. ಅಮ್ಮನವರೆಗೂ ಬಂದ. ಬೈಯುತ್ತಲೇ ನಿದ್ದೆ ಹೋದ. ಬಾಯಿ ಒರೆಸಿ ಬಂದೆ.

ಮಾರ್ಚ್ 8, ಶನಿವಾರ

ಫೇಲು. ಜುಲೈಯಲ್ಲಿ ಮತ್ತೆ ಕೂರಬಹುದಂತೆ, ಬೇರೆ ರೋಗಿ. ಈ ತಿಂಗಳ ಕೊನೆಯವರೆಗೆ ಭೇಟಿ ಮುಂದುವರಿಸಬಹುದು. ಸೈನಬ ಪಾಸು. ವೇಣೂರಿಗೆ ಹೋಗುವಾಗ ಮೆತ್ತಗಿನ ಹತ್ತಿಬಟ್ಟೆ ಒಯ್ಯಬೇಕು, ಅಲ್ಲಿಯದು ಮುಗಿದಿದೆ.

ಮಾರ್ಚ್ 17, ಸೋಮವಾರ

ಮುಂಡಪ್ಪಣ್ಣ ಹೋದರು.

ಬೆಳಗ್ಗೆ ಕಾಂತಿಯ ಫೋನು, ಉಸಿರು ಬೇರೆ ಥರ ಉಂಟು ಎಂದು. ಹೋದಾಗ ಕಣ್ಣು ಅರ್ಧ ತೆರೆದಿತ್ತು. ಕೈ ಹಿಡಿದು, ನೋವು ಇದೆಯಾ ಎಂದು ಕಿವಿಯ ಹತ್ತಿರ ತುಳುವಿನಲ್ಲಿ ಕೇಳಿದೆ, "ಬೇನೆ ಉಂಡಾ?"

ಎಷ್ಟೋ ಹೊತ್ತಿನ ಮೇಲೆ ತುಟಿ ಅಲ್ಲಾಡಿತು. "ಇಲ್ಲ ಮೇಡಂ."

ಕನ್ನಡದಲ್ಲಿ. ಮತ್ತೆ ತುಳುವಿನಲ್ಲೇ ಕೇಳಿದೆ, ಮುಂಡಪ್ಪಣ್ಣ, ನಾನು ಶುಭ, ಚೆಕ್ಕಿಂಗಿನವರು ಯಾರೂ ಇಲ್ಲ.

"ಪರವಾಗಿಲ್ಲ. ತಮಗೆ ತೊಂದರೆ."

ಡಾಕ್ಟರಿಗೆ ಹೇಳಿ ಚರ್ಮದಡಿಗೆ ಮಾರ್ಫಿನ್ ಚುಚ್ಚಿದೆ. ಹಣೆ ನೋಡಿದೆ, ಹುಬ್ಬು ನೋಡಿದೆ, ಕೈ ಬಿಡಿಸಿ ನೋಡಿದೆ. ಹುಬ್ಬಿನ ನಡುವೆ ಒಂದು ಗೆರೆ ಇತ್ತು. ಅದು ನೋವಿನದೋ, ಬಿಸಿಲಲ್ಲಿ ಬಸ್ಸಿನ ಬಾಗಿಲಲ್ಲಿ ನಿಂತು ಬಂದ ಹಳೆಯ ಗೆರೆಯೋ, ಇಷ್ಟು ದಿನ ನೋಡಿದ ನನಗೇ ಗೊತ್ತಾಗಲಿಲ್ಲ. ತಿರುಗಿ ಬೈಯಲಿ ಎಂದು ನಾನೇ ಬೈದೆ. ನನಗೆ ಬರುವ ಕೆಟ್ಟ ಮಾತನ್ನೆಲ್ಲ ಹೇಳಿದೆ. ಕಾಂತಿ ಅಪ್ಪನ ಕಾಲು ಹಿಡಿದುಕೊಂಡು ಅಳುತ್ತಿದ್ದಳು. ಅವರು ಬೈಯಲಿಲ್ಲ. ಮಧ್ಯಾಹ್ನದ ಒಳಗೆ ಮುಗಿಯಿತು.

ಅವರ ಮನಸ್ಸು ಯಾವುದೋ ಹಳೆಯ ಬಸ್ಸಿಗೆ ಹೋಗಿತ್ತಾ? ನಿಜವಾಗಿ ನೋವೇ ಇರಲಿಲ್ಲವಾ? ಅಥವಾ ಇನ್ನೊಮ್ಮೆ ನನ್ನನ್ನು ಪಾಸು ಮಾಡಿದರಾ? ಇಪ್ಪತ್ತು ವರ್ಷದ ಕೆಲಸ, ಮೂರು ತಿಂಗಳ ತರಬೇತಿ, ಎಲ್ಲ ಸೇರಿ ಈ ಒಂದು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಹೇಸಿಗೆಯಾಗುತ್ತದೆ.

ಮಾರ್ಚ್ 21, ಶುಕ್ರವಾರ

ಉಳಿದ ಮಾರ್ಫಿನ್ ಹಿಂದಕ್ಕೆ ತರಬೇಕಿತ್ತು. ವೇಣೂರಿಗೆ ಹೋದೆ. ಕಾಂತಿ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು, ಮಡಿಲಲ್ಲಿ ಬೀಡಿಯ ಮೊರ ಇರಲಿಲ್ಲ. ಮಾತ್ರೆಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡೆ. ಆಮೇಲೆ ತುಳುವಿನಲ್ಲಿ ಕೇಳಿದಳು, "ಶುಭಕ್ಕ, ಕೊನೆಗೆ ಅಪ್ಪನಿಗೆ ನೋವಿತ್ತಾ?"

"ಇಲ್ಲ ಕಾಂತಿ, ಏನೂ ನೋವಿರಲಿಲ್ಲ. ಶಾಂತವಾಗಿ ಹೋದರು," ಅಂದೆ.

ಹೇಳಿ ಮುಗಿದ ಮೇಲೆಯೇ ನನಗೆ ತಿಳಿದದ್ದು, ಹೇಳಿದ್ದು ಕನ್ನಡದಲ್ಲಿ.

ಕಾಂತಿ ನನ್ನ ಮುಖ ನೋಡಿದಳು. ಎದ್ದು ನಿಂತು, ಕೈಮುಗಿದು, ಅವಳೂ ಕನ್ನಡದಲ್ಲೇ ಹೇಳಿದಳು.

"ಹೌದು ಮೇಡಂ. ತಮ್ಮಿಂದ ತುಂಬ ಉಪಕಾರ ಆಯಿತು."